ಐಟಿಐ, ಡಿಪ್ಲೊಮಾ ಆದ್ಮೇಲೆ ಕೆಲಸ ಎಲ್ಲಿ, ಸಂಬಳ ಎಷ್ಟು? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನದಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಹಿಂದೆ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುತ್ತಿದ್ದೆ, ಈಗ ಸಾಗರದ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ, ಹಾಗಾಗಿ ಎರಡೂ ಕಡೆಯ ಪ್ರಶ್ನೆಗಳು ನನ್ನ ಹತ್ತಿರವೇ ಬರುತ್ತವೆ. ಹೊಸನಗರದಿಂದ, ಸೊರಬದಿಂದ, ತೀರ್ಥಹಳ್ಳಿಯಿಂದ ಅಪ್ಪ ಅಮ್ಮಂದಿರು ಕೇಳುತ್ತಾರೆ. ಪಾಸಾಗಿ ಮನೇಲಿ ಕೂತ ಹುಡುಗರು ರಾತ್ರಿ ಮೆಸೇಜ್ ಹಾಕುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆ ಅವರದೇ ಮಾತಲ್ಲಿದೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಸಾಕು.

## ಸೇರುವ ಮೊದಲು

ಐಟಿಐ ಮಾಡಿದ್ರೆ ನಿಜವಾಗ್ಲೂ ಕೆಲಸ ಸಿಗುತ್ತಾ ಸಾರ್, ಸುಮ್ನೆ ಹೇಳ್ತಾರಾ?

ಕೆಲಸ ಸಿಗುತ್ತದೆ. ಮನೆ ಹತ್ತಿರ, ಬಯಸಿದ ಸಂಬಳಕ್ಕೆ, ಮೊದಲ ತಿಂಗಳಲ್ಲೇ ಸಿಗುತ್ತಾ ಅಂದರೆ ಬಹುತೇಕ ಇಲ್ಲ. ಈ ಎರಡನ್ನೂ ಒಟ್ಟಿಗೆ ಹೇಳದೆ ಇರೋದರಿಂದಲೇ ಅರ್ಧ ಜನಕ್ಕೆ ಬೇಜಾರಾಗುವುದು.

ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್, ವೆಲ್ಡರ್ ಹುಡುಗರನ್ನು ಬೆಂಗಳೂರು ಸುತ್ತಿನ ಫ್ಯಾಕ್ಟರಿಗಳು ವರ್ಷವಿಡೀ ಕರೆಯುತ್ತವೆ. ಪೀಣ್ಯ, ಬಿಡದಿ, ನರಸಾಪುರ, ದಾಬಸ್‌ಪೇಟೆ, ಗಡಿ ದಾಟಿದರೆ ಹೊಸೂರು. ಶಿವಮೊಗ್ಗದಲ್ಲೂ ಮಾಚೇನಹಳ್ಳಿ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್, ಕಲ್ಲೂರು ಮಂಡ್ಲಿ ಕಡೆ ಫೌಂಡ್ರಿ, ಮೆಷಿನ್ ಶಾಪ್, ಗಾರ್ಮೆಂಟ್ಸ್ ಇವೆ. ಆದರೆ ಜಿಲ್ಲೆಯಲ್ಲಿ ಪಾಸಾಗುವ ಎಲ್ಲರನ್ನೂ ತುಂಬಿಕೊಳ್ಳುವಷ್ಟು ಜಾಗ ಅಲ್ಲಿಲ್ಲ. ಸರ್ಟಿಫಿಕೇಟ್ ನಿಮ್ಮನ್ನು ಗೇಟಿನ ಒಳಗೆ ಬಿಡುತ್ತದೆ, ಅಷ್ಟೆ. ಸಂಬಳ ಏರುವುದು ಅದಾದ ಮೇಲಿನ ಎರಡು ಮೂರು ವರ್ಷ ನೀವು ಎಲ್ಲಿ, ಯಾವ ಮೆಷಿನ್ ಮುಂದೆ ನಿಂತಿದ್ದಿರಿ ಅನ್ನುವುದರ ಮೇಲೆ. ಕೆಳಗೆ ನಾನು ಹೇಳುವುದೆಲ್ಲ ಹೆಚ್ಚುಕಮ್ಮಿ ಇದರ ಸುತ್ತವೇ ಇದೆ.

ಯಾವ ಟ್ರೇಡ್ ತಗೊಂಡ್ರೆ ಜಾಸ್ತಿ ಸಂಬಳ?

ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಊರಲ್ಲೇ ಇರಬೇಕು ಅಂತ ಗಟ್ಟಿಯಾಗಿದ್ದರೆ ಎಲೆಕ್ಟ್ರಿಷಿಯನ್ ಅಥವಾ ಮೋಟರ್ ಮೆಕ್ಯಾನಿಕ್ ತಗೊಳ್ಳಿ. ಎರಡೂ ಎರಡು ವರ್ಷದ್ದು. ಫ್ಯಾಕ್ಟರಿಗೆ ಹೋಗೋದೇ ಆದರೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್. ಬೇಗ ದುಡಿಮೆಗೆ ಇಳಿಯಬೇಕು ಅಂದರೆ ವೆಲ್ಡರ್, ಒಂದೇ ವರ್ಷ. ವೆಲ್ಡರ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಆದರೆ ಟಿಗ್ ವೆಲ್ಡಿಂಗ್, ಪೈಪ್ ವೆಲ್ಡಿಂಗ್ ಚೆನ್ನಾಗಿ ಬಂದವನು ಜತೆಗೆ ಓದಿದವರನ್ನೆಲ್ಲ ಸಂಬಳದಲ್ಲಿ ಹಿಂದೆ ಹಾಕುತ್ತಾನೆ.

ಕೋಪಾ, ಅಂದರೆ ಕಂಪ್ಯೂಟರ್ ಟ್ರೇಡ್, ಒಂದು ವರ್ಷದ್ದು. ಧೂಳಿಲ್ಲ, ಎಣ್ಣೆ ಇಲ್ಲ ಅಂತ ತುಂಬಾ ಜನ ಸೇರುತ್ತಾರೆ. ಅದಷ್ಟನ್ನೇ ನಂಬಿಕೊಂಡರೆ ಕೊನೆಗೆ ಝೆರಾಕ್ಸ್ ಅಂಗಡಿ, ಡಾಟಾ ಎಂಟ್ರಿ. ಜೊತೆಗೆ ಟ್ಯಾಲಿಯೋ ನೆಟ್‌ವರ್ಕಿಂಗೋ ಕಲಿತರೆ ಮಾತು ಬೇರೆ.

2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದರು. ಅಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್), ರೋಬೋಟಿಕ್ಸ್, ಎಲೆಕ್ಟ್ರಿಕ್ ವಾಹನದ ಕೋರ್ಸುಗಳು ಬಂದಿವೆ. ನಿಮ್ಮ ಹತ್ತಿರದ ಐಟಿಐ ಆ ಪಟ್ಟಿಯಲ್ಲಿದೆಯಾ ಕೇಳಿ. ಇದ್ದರೆ ಇನ್ನೂ ಒಂದು ಮಾತು ಕೇಳಿ: ಮೆಷಿನ್ ಮೇಲೆ ಹುಡುಗರ ಕೈ ಹಾಕಿಸುತ್ತೀರಾ, ಇಲ್ಲ ಗಾಜಿನಾಚೆಯಿಂದ ತೋರಿಸುತ್ತೀರಾ?

ಐಟಿಐ ಮಾಡ್ಲಾ ಡಿಪ್ಲೊಮಾ ಮಾಡ್ಲಾ? ಮಗನಿಗೆ 58 ಪರ್ಸೆಂಟು, ಗಣಿತ ಅಷ್ಟಕ್ಕಷ್ಟೆ

ಗಣಿತ ಅಷ್ಟಕ್ಕಷ್ಟೆ ಅಂದಮೇಲೆ ಡಿಪ್ಲೊಮಾದ ಮೊದಲ ವರ್ಷವೇ ಕಷ್ಟ. ಅಲ್ಲೇ ಎರಡು ಮೂರು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡು ಮೂರು ವರ್ಷದ್ದನ್ನು ಐದು ವರ್ಷ ಮಾಡಿದವರು ಪ್ರತಿ ಊರಲ್ಲೂ ಇದ್ದಾರೆ. ಅಂಥವರಿಗೆ ಐಟಿಐ ಮೂಲಕ ಹೋಗುವ ದಾರಿ ಚೆನ್ನಾಗಿದೆ. ಎರಡು ವರ್ಷದ ಐಟಿಐ ಮುಗಿಸಿದರೆ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಆಗ ಕೈಗೆ ಕೆಲಸವೂ ಗೊತ್ತಿರುತ್ತದೆ, ಥಿಯರಿ ಯಾಕೆ ಬೇಕು ಅನ್ನುವುದೂ ಗೊತ್ತಿರುತ್ತದೆ.

ಓದು ಚೆನ್ನಾಗಿದ್ದು ಮೂರು ವರ್ಷ ಕಾಯುವ ಶಕ್ತಿ ಮನೆಗಿದ್ದರೆ ಡಿಪ್ಲೊಮಾ ಮಾಡಿಸಿ. ಫ್ಯಾಕ್ಟರಿಯಲ್ಲಿ ಐಟಿಐ ಹುಡುಗ ಆಪರೇಟರ್ ಆಗಿ ಶುರು ಮಾಡಿದರೆ ಡಿಪ್ಲೊಮಾ ಹುಡುಗ ಸೂಪರ್‌ವೈಸರ್, ಕ್ವಾಲಿಟಿ, ಮೇಂಟೆನೆನ್ಸ್ ಕಡೆ ಹೋಗುತ್ತಾನೆ. ಮೊದಲ ಸಂಬಳದಲ್ಲಿ ವ್ಯತ್ಯಾಸ ದೊಡ್ಡದಲ್ಲ, ಐದು ವರ್ಷ ಕಳೆದ ಮೇಲೆ ಕಾಣುತ್ತದೆ.

ಇವೆರಡೂ ಅಲ್ಲದ ಮೂರನೆಯದು ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಶಿವಮೊಗ್ಗದಲ್ಲೂ ಕೇಂದ್ರ ಇದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಕೊನೆಯ ಒಂದು ವರ್ಷ ಕಂಪನಿಯಲ್ಲೇ ತರಬೇತಿ. ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಯವರು ಸರಿಯಾಗಿ ಬಳಸಿಕೊಳ್ಳದ ಕೋರ್ಸ್ ಇದು. ಫೌಂಡ್ರಿಗೆ, ಪ್ಲಾಸ್ಟಿಕ್ ಮೋಲ್ಡಿಂಗ್‌ಗೆ ಡೈ ಮಾಡುವವರು ಯಾವಾಗಲೂ ಬೇಕು.

ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದ್ರೆ ಸಾಕು ಅಂತ ಒಂದು ಪ್ರೈವೇಟ್ ಐಟಿಐಯವ್ರು ಹೇಳ್ತಾರೆ. ಸೇರ್ಲಾ?

ಬೇಡ. ಸರ್ಟಿಫಿಕೇಟ್ ಅಸಲಿಯೇ ಇರಬಹುದು. ಆದರೆ ಕಂಪನಿಯವರು ಇಂಟರ್‌ವ್ಯೂನಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು ಒಂದು ಬೋಲ್ಟ್ ಅಳೆಯಿರಿ ಅನ್ನುತ್ತಾರೆ. ಎಲೆಕ್ಟ್ರಿಷಿಯನ್ ಆದರೆ ಡಿಒಎಲ್ ಸ್ಟಾರ್ಟರ್‌ನ ಕನೆಕ್ಷನ್ ಬರೆಯಿರಿ ಅನ್ನುತ್ತಾರೆ. ಎರಡು ವರ್ಷ ಬೇರೆ ಕಡೆ ಕೂಲಿಗೆ ಹೋಗಿ ಪರೀಕ್ಷೆ ಮಾತ್ರ ಬರೆದವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಎಲ್ಲಿ ಸೇರಿದರೂ ಆ ಟ್ರೇಡಿಗೆ, ಆ ಯೂನಿಟ್ಟಿಗೆ ಎನ್‌ಸಿವಿಟಿ, ಅಂದರೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿಯ ಮಾನ್ಯತೆ ಇದೆಯಾ ನೋಡಿ. ಸಂಸ್ಥೆಗೆ ಇದೆ ಅಂದರೆ ಸಾಲದು, ನಿಮ್ಮ ಟ್ರೇಡಿಗೆ ಇರಬೇಕು. ಇನ್ನೊಂದು ಸಣ್ಣದು, ಆದರೆ ಆಮೇಲೆ ತುಂಬಾ ತಲೆನೋವು ಕೊಡುವಂಥದ್ದು: ಪ್ರವೇಶದ ದಿನವೇ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ, ಇನಿಷಿಯಲ್ ಸಮೇತ ಬರೆಸಿ. ಇದು ತಪ್ಪಾಗಿ ರೈಲ್ವೆ ದಾಖಲೆ ಪರಿಶೀಲನೆಯಲ್ಲಿ ಒದ್ದಾಡಿದವರಿದ್ದಾರೆ.

ಮಗಳನ್ನ ಎಲೆಕ್ಟ್ರಿಷಿಯನ್‌ಗೆ ಸೇರಿಸಿದ್ರೆ ನಾಳೆ ಯಾರು ಕೆಲಸ ಕೊಡ್ತಾರೆ?

ಕಂಬ ಹತ್ತುವುದೊಂದೇ ಎಲೆಕ್ಟ್ರಿಷಿಯನ್ ಕೆಲಸ ಅಂದುಕೊಂಡಿದ್ದರಿಂದ ಈ ಪ್ರಶ್ನೆ ಬರುತ್ತದೆ. ಪ್ಯಾನಲ್ ಬೋರ್ಡ್ ವೈರಿಂಗ್, ಮೀಟರ್ ಜೋಡಣೆ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯ ಅಸೆಂಬ್ಲಿ ಲೈನ್, ಇಲ್ಲೆಲ್ಲ ಹೆಣ್ಣುಮಕ್ಕಳನ್ನೇ ಹುಡುಕಿ ತೆಗೆದುಕೊಳ್ಳುತ್ತಾರೆ. ಹೆಚ್ಚಿನ ಕಡೆ ಹಾಸ್ಟೆಲ್, ಬಸ್ ಕೊಡುತ್ತಾರೆ. ಊರಲ್ಲೇ ಇರಬೇಕು ಅಂದರೆ ಹೊಲಿಗೆ ಟ್ರೇಡ್ ಇದೆ, ಆದರೆ ಗಾರ್ಮೆಂಟ್ಸ್ ಸಂಬಳ ಕನಿಷ್ಠ ವೇತನದ ಹತ್ತಿರವೇ ಸುತ್ತುತ್ತಿರುತ್ತದೆ, ಅದನ್ನು ತಿಳಿದೇ ಸೇರಿಸಿ. ಬ್ಲೌಸ್, ಎಂಬ್ರಾಯ್ಡರಿ ಚೆನ್ನಾಗಿ ಬಂದರೆ ಮದುವೆ ಸೀಸನ್ನಿನಲ್ಲಿ ಮನೇಲೇ ಕೂತು ಅದಕ್ಕಿಂತ ಜಾಸ್ತಿ ದುಡಿಯುವವರು ಇದ್ದಾರೆ.

## ಮೊದಲ ಸಂಬಳ

ಅಪ್ರೆಂಟಿಸ್ ಅಂದ್ರೆ ಕಡಿಮೆ ದುಡ್ಡಿಗೆ ದುಡಿಸ್ಕೊಳ್ಳೋದಲ್ವಾ? ನೇರ ಕೆಲಸಕ್ಕೇ ಸೇರಬಾರ್ದಾ?

ದುಡ್ಡು ಕಡಿಮೆ, ನಿಜ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ ತಿಂಗಳಿಗೆ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ ಅಂತ ಮಾಡಿದರು. ಅದು ಕನಿಷ್ಠ. ದೊಡ್ಡ ಕಂಪನಿಗಳು ಅದಕ್ಕಿಂತ ಜಾಸ್ತಿ ಕೊಡುತ್ತವೆ, ಊಟ ಬಸ್ಸು ಬೇರೆ. ಅಪ್ರೆಂಟಿಸ್‌ಗೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಇಲ್ಲ. ಕೆಲಸದ ವೇಳೆ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾತ್ರ ಕಂಪನಿಯದ್ದೇ.

ಆದರೂ ನಾನು ಮಾಡಿ ಅಂತಲೇ ಹೇಳುತ್ತೇನೆ. ವರ್ಷ ಮುಗಿದು ಪರೀಕ್ಷೆ ಪಾಸಾದರೆ ಎನ್‌ಎಸಿ ಅನ್ನುವ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್ ಸಿಗುತ್ತದೆ. ಐಟಿಐ ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ, ಎನ್‌ಎಸಿ ಕೆಲವರ ಹತ್ತಿರ ಮಾತ್ರ. ಸರ್ಕಾರಿ ಉದ್ಯಮಗಳ ಜಾಹೀರಾತಲ್ಲಿ ಅದನ್ನು ಕೇಳುವುದು ಮಾಮೂಲು.

ಒಂದು ಎಚ್ಚರಿಕೆ. ಅಪ್ರೆಂಟಿಸ್ ಅಂತ ಬಾಯಲ್ಲಿ ಹೇಳಿ, ಕರಾರು ಪತ್ರವನ್ನೇ ಮಾಡದೆ, ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಮಾಡದೆ ದುಡಿಸಿಕೊಳ್ಳುವ ಜಾಗಗಳಿವೆ. ವರ್ಷವಿಡೀ ಡಬ್ಬ ಹೊರಿಸಿ, ಕೊನೆಗೆ ಅನುಭವ ಪತ್ರ ಕೂಡ ಕೊಡುವುದಿಲ್ಲ. ಸೇರಿದ ತಿಂಗಳೊಳಗೆ ಕರಾರಿನ ನೋಂದಣಿ ಸಂಖ್ಯೆ ಕೇಳಿ. ಇಲ್ಲ ಅಂದರೆ ಅದು ಅಪ್ರೆಂಟಿಸ್ ಅಲ್ಲ, ಕಡಿಮೆ ಕೂಲಿ ಅಷ್ಟೆ.

ಆಫರ್ ಲೆಟರಲ್ಲಿ 18 ಸಾವಿರ ಇದೆ, ಕೈಗೆ 14 ಬರ್ತಿದೆ. ಮೋಸ ಮಾಡಿದ್ರಾ?

ಮೋಸ ಆಗಿರಲೇಬೇಕು ಅಂತಿಲ್ಲ, ಲೆಕ್ಕ ನೋಡಿ. ಲೆಟರಲ್ಲಿ ಬರೆಯುವ 18 ಸಾವಿರ ಸಾಮಾನ್ಯವಾಗಿ ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ಆಗುವ ಒಟ್ಟು ಖರ್ಚು. ಬೇಸಿಕ್ 12,000, ಉಳಿದ ಭತ್ಯೆ 4,000, ಒಟ್ಟು 16,000 ಅಂತ ಇಟ್ಟುಕೊಳ್ಳಿ. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇ 12, ಅಂದರೆ 1,440. ಕಂಪನಿ ಕಟ್ಟುವ ಇಎಸ್‌ಐ ಶೇ 3.25, ಅಂದರೆ 520. ಎಲ್ಲ ಸೇರಿ 17,960. ಇದೇ ಆ 18 ಸಾವಿರ.

ಈಗ ನಿಮ್ಮ 16,000ದಲ್ಲಿ ನಿಮ್ಮ ಪಾಲಿನ ಪಿಎಫ್ 1,440, ನಿಮ್ಮ ಪಾಲಿನ ಇಎಸ್‌ಐ ಶೇ 0.75 ಅಂದರೆ 120 ಹೋಗುತ್ತದೆ. ಉಳಿದಿದ್ದು 14,440. ಕ್ಯಾಂಟೀನು, ಬಸ್ಸು ಕಳೆದರೆ 14.

ಪಿಎಫ್ ಎಲ್ಲೂ ಹೋಗಿಲ್ಲ, ಎರಡೂ ಪಾಲು ನಿಮ್ಮ ಹೆಸರಲ್ಲೇ ಇರುತ್ತದೆ, ಕಂಪನಿ ಪಾಲಿನಲ್ಲಿ ಒಂದು ಭಾಗ ಪಿಂಚಣಿ ಖಾತೆಗೆ ಹೋಗುತ್ತದೆ. ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರ್ ತಗೊಂಡು ಪಾಸ್‌ಬುಕ್ ನೋಡಿ. ಕಟ್ ಮಾಡಿಕೊಂಡು ಖಾತೆಗೆ ಕಟ್ಟದೆ ಇದ್ದರೆ ಅದು ಮೋಸ, ಆಗ ಪಿಎಫ್ ಕಚೇರಿಗೆ ದೂರು ಕೊಡಿ. ಓಟಿ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಫ್ಯಾಕ್ಟರಿ ಕೆಲಸಗಾರನಿಗೆ ನಿಗದಿತ ಹೊತ್ತು ಮೀರಿದ ಪ್ರತಿ ಗಂಟೆಗೂ ಎರಡು ಪಟ್ಟು ಕೊಡಬೇಕು. "ಸಿಂಗಲ್ ಓಟಿ" ಅನ್ನುವುದು ಮೇಸ್ತ್ರಿಗಳ ಕಾನೂನು, ಸರ್ಕಾರದ್ದಲ್ಲ.

ಬೆಂಗಳೂರಿಗೆ ಹೋಗ್ಲಾ, ಶಿವಮೊಗ್ಗದಲ್ಲೇ ಸಿಕ್ಕಿದ್ದಕ್ಕೆ ಸೇರ್ಲಾ?

ಕೈಗೆ ಎಷ್ಟು ಬರುತ್ತದೆ ಅನ್ನೋದಕ್ಕಿಂತ ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ ನೋಡಬೇಕು. ಹೊಸಬನಿಗೆ ಬೆಂಗಳೂರಲ್ಲಿ ಕೈಗೆ 17 ಸಾವಿರ ಅಂತ ಇಟ್ಟುಕೊಳ್ಳೋಣ. ಪಿಜಿ ಬಾಡಿಗೆ, ಊಟ, ಬಸ್ಸು, ಮೊಬೈಲು ಅಂತ 9ರಿಂದ 10 ಹೋಗುತ್ತದೆ. ತಿಂಗಳಿಗೊಮ್ಮೆ ಊರಿಗೆ ಬಂದು ಹೋದರೆ ಜನಶತಾಬ್ದಿ, ಅಲ್ಲಿಂದ ಬಸ್ಸು, ಮನೆಗೆ ಏನಾದರೂ ತಗೊಂಡು ಬರೋದು ಅಂತ ಇನ್ನೊಂದಿಷ್ಟು. ಉಳಿದರೆ 6. ಮಾಚೇನಹಳ್ಳಿಯಲ್ಲಿ 12 ಸಾವಿರಕ್ಕೆ ಸೇರಿ ಭದ್ರಾವತಿಯ ಮನೆಯಿಂದಲೇ ಓಡಾಡುವವನಿಗೆ 8 ಉಳಿಯುತ್ತದೆ.

ಹಾಗಾದರೆ ಊರೇ ವಾಸಿ ಅಲ್ವಾ? ಈ ವರ್ಷಕ್ಕೆ ಹೌದು. ಆದರೆ ಬೆಂಗಳೂರಲ್ಲಿ ಮೂರು ವರ್ಷ ಸಿಎನ್‌ಸಿ ಸೆಟ್ಟಿಂಗ್, ಪಿಎಲ್‌ಸಿ (ಮೆಷಿನ್ ತಾನಾಗಿ ನಡೆಸುವ ಕಂಟ್ರೋಲರ್), ಮೇಂಟೆನೆನ್ಸ್ ಕಲಿತವನು ಕಂಪನಿ ಬದಲಾಯಿಸುವಾಗ ಒಂದೇ ನೆಗೆತಕ್ಕೆ ಐದಾರು ಸಾವಿರ ಜಾಸ್ತಿ ಕೇಳಬಹುದು. ನಮ್ಮಲ್ಲಿ ಬದಲಾಯಿಸೋಕೆ ಕಂಪನಿಗಳೇ ಕಡಿಮೆ, ಅದಕ್ಕೇ ಸಂಬಳವೂ ನಿಂತಲ್ಲೇ ನಿಲ್ಲುತ್ತದೆ. ನನ್ನ ಅಭಿಪ್ರಾಯ ಇಷ್ಟೆ: ವಯಸ್ಸು 20, ಮನೇಲಿ ತೋಟ ನೋಡಿಕೊಳ್ಳುವವರು ಇದ್ದಾರೆ ಅಂದರೆ ಹೋಗಿ. ಅಲ್ಲಿಗೆ ಹೋಗಿಯೂ ಮೂರು ವರ್ಷ ಬರೀ ಪ್ಯಾಕಿಂಗ್, ಲೋಡಿಂಗ್‌ನಲ್ಲೇ ಇದ್ದರೆ ಹೋಗಿದ್ದು ದಂಡ. ಆರು ತಿಂಗಳಿಗೊಮ್ಮೆ "ಹೊಸದಾಗಿ ಏನು ಕಲಿತೆ" ಅಂತ ಕೇಳಿಕೊಳ್ಳಿ, ಉತ್ತರ ಇಲ್ಲದಿದ್ದರೆ ಜಾಗ ಬದಲಿಸಿ.

ಕಾಂಟ್ರಾಕ್ಟ್ ಮೇಲೆ ತಗೊಂಡಿದಾರೆ. ಪರ್ಮನೆಂಟ್ ಮಾಡ್ತಾರಾ?

ಹೆಚ್ಚಿನವರನ್ನು ಮಾಡುವುದಿಲ್ಲ. ಸೇರುವ ಮುಂಚೆ ಕೇಳಬೇಕಾದ್ದು ಎರಡೇ: ನಾನು ಕಂಪನಿ ರೋಲಾ, ಕಾಂಟ್ರಾಕ್ಟರ್ ರೋಲಾ? ಹೋದ ವರ್ಷದ ಬ್ಯಾಚಲ್ಲಿ ಎಷ್ಟು ಜನ ಉಳಿದಿದ್ದಾರೆ? ಎರಡನೆಯದಕ್ಕೆ ಎಚ್‌ಆರ್ ಕೊಡುವ ಉತ್ತರ ಬೇಡ, ಗೇಟ್ ಎದುರು ಟೀ ಅಂಗಡಿಯಲ್ಲಿ ನಿಂತು ಹುಡುಗರನ್ನೇ ಕೇಳಿ. ಏನೇ ಆಗಲಿ, ಪ್ರತಿ ತಿಂಗಳ ಪೇ ಸ್ಲಿಪ್ ಮತ್ತು ಬಿಡುವಾಗ ಅನುಭವ ಪತ್ರ ಬಿಡಬೇಡಿ.

ಭದ್ರಾವತಿ ಫ್ಯಾಕ್ಟರಿ ಪೂರ್ತಿ ಶುರುವಾದ್ರೆ ನಮ್ಮ ಹುಡುಗ್ರಿಗೆ ಕೆಲಸ ಸಿಗಲ್ವಾ? ಕಾಯ್ಲಾ?

ನಮ್ಮ ಅಪ್ಪಂದಿರ ಕಾಲದಲ್ಲಿ ಈ ಮಾತಿಗೆ ಅರ್ಥ ಇತ್ತು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆ, ಅಂದರೆ ಈಗಿನ ವಿಐಎಸ್‌ಎಲ್, ಪಕ್ಕದಲ್ಲೇ ಎಂಪಿಎಂ ಕಾಗದ ಕಾರ್ಖಾನೆ. ಮನೆಗೊಬ್ಬರಂತೆ ಅಲ್ಲಿ ದುಡಿದರು, ಕ್ವಾರ್ಟರ್ಸ್ ಇತ್ತು, ಆಸ್ಪತ್ರೆ ಇತ್ತು, ಶಾಲೆ ಇತ್ತು. ಎಂಪಿಎಂ ಒಂದು ದಶಕದ ಹಿಂದೆಯೇ ನಿಂತಿತು. ವಿಐಎಸ್‌ಎಲ್ ಮುಚ್ಚುವುದಾಗಿ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ತೀರ್ಮಾನ ಮಾಡಿ, ಹೋರಾಟ ನಡೆದು, ಅದೇ ವರ್ಷ ಸ್ವಲ್ಪ ಮಟ್ಟಿಗೆ ಕೆಲಸ ಮತ್ತೆ ಶುರುವಾಯಿತು. ಪೂರ್ತಿ ಶುರುವಾದರೆ ನನಗಿಂತ ಖುಷಿ ಪಡುವವರಿಲ್ಲ. ಆದರೆ 19ರ ಹುಡುಗನನ್ನು ಅದಕ್ಕಾಗಿ ಮನೇಲಿ ಕೂರಿಸಬೇಡಿ. ಕೆಲಸ ಕಲಿತು ಹೊರಗೆ ದುಡಿಯುತ್ತಿದ್ದವನನ್ನೇ ನಾಳೆ ಅವರೂ ಮೊದಲು ಕರೆಯುವುದು.

## ಸರ್ಕಾರಿ ಕೆಲಸ, ಸರ್ಕಾರಿ ದುಡ್ಡು

ಕರೆಂಟ್ ಆಫೀಸಲ್ಲಿ ಲೈನ್‌ಮನ್ ಆಗೋಕೆ ಐಟಿಐ ಬೇಕೇ ಬೇಕಾ?

ಬೇಡ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ಮೆಸ್ಕಾಂ ಸೇರಿ ಎಲ್ಲ ಎಸ್ಕಾಂಗಳಿಗೆ 2024ರಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆ ಕರೆದಾಗ ಕೇಳಿದ್ದು ಎಸ್ಸೆಸ್ಸೆಲ್ಸಿ. ಆಯ್ಕೆಯೂ ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಜೊತೆಗೆ ದೈಹಿಕ ಪರೀಕ್ಷೆ: 8 ಮೀಟರ್ ಕಂಬ ಹತ್ತಲೇಬೇಕು, ಆಮೇಲೆ ಓಟ, ಸ್ಕಿಪ್ಪಿಂಗ್, ಗುಂಡು ಎಸೆತ. ಅಡಿಕೆ ಮರ ಹತ್ತಿ ಬೆಳೆದ ನಮ್ಮ ಹುಡುಗರಿಗೆ ಕಂಬ ಕಷ್ಟ ಅಲ್ಲ, ಎಸ್ಸೆಸ್ಸೆಲ್ಸಿ ಅಂಕವೇ ಕಷ್ಟ. ಹಾಗಾಗಿ ಹತ್ತನೇ ಕ್ಲಾಸಲ್ಲಿ ಇರುವವರಿಗೆ ಈಗಲೇ ಹೇಳಿ. ಐಟಿಐ ಆಗಿದ್ದರೆ ಕೆಲಸಕ್ಕೆ ಸೇರಿದ ಮೇಲೆ ಜೀವ ಉಳಿಸಿಕೊಳ್ಳೋಕೆ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದ ಲೈನ್ ಮುಟ್ಟುವ ಮೊದಲು ಅರ್ಥಿಂಗ್ ಹಾಕುವುದು ಅಂಕಪಟ್ಟಿ ಕಲಿಸುವಂಥದ್ದಲ್ಲ.

ರೈಲ್ವೆಯಲ್ಲಿ ಐಟಿಐಗೆ ಏನಿದೆ?

ಮೂರು ಬಾಗಿಲು. ಒಂದು, ಸಹಾಯಕ ಲೋಕೋ ಪೈಲಟ್ ಮತ್ತು ಟೆಕ್ನಿಷಿಯನ್ ಗ್ರೇಡ್ 3. ಎರಡಕ್ಕೂ 7ನೇ ವೇತನ ಆಯೋಗದಲ್ಲಿ ಶುರುವಿನ ಬೇಸಿಕ್ 19,900, ಮೇಲೆ ಡಿಎ, ಮನೆ ಬಾಡಿಗೆ ಭತ್ಯೆ. ಎರಡು, ಲೆವೆಲ್ 1, ಅಂದರೆ ಹಳೆಯ ಗ್ರೂಪ್ ಡಿ, ಬೇಸಿಕ್ 18,000. ಮೂರು, ರೈಲ್ವೆ ಅಪ್ರೆಂಟಿಸ್. ಇದಕ್ಕೆ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕ ನೋಡಿ ತೆಗೆದುಕೊಳ್ಳುತ್ತಾರೆ. ನೈಋತ್ಯ ರೈಲ್ವೆಯಲ್ಲಿ ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳಿಗೆ ಕರೆಯುತ್ತಾರೆ. ಹೀಗೆ ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1 ನೇಮಕದಲ್ಲಿ ಶೇ 20 ಮೀಸಲು ಇದೆ. ಈ ಮೂರನೇ ಬಾಗಿಲಿಂದ ಎರಡನೆಯದಕ್ಕೆ ಹೋಗುವ ದಾರಿ ಗೊತ್ತಿಲ್ಲದೆ ಬಿಟ್ಟವರೇ ಜಾಸ್ತಿ. ರೈಲ್ವೆ ನೇಮಕಾತಿ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು.

ಐಟಿಐ ಆಗಿ ಮನೇಲಿದಾನೆ. ಯುವನಿಧಿ ಬರುತ್ತಾ?

ಯುವನಿಧಿಗೆ ಚಾಲನೆ ಕೊಟ್ಟಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ಹಾಗಾಗಿ ಎಲ್ಲರೂ ಕೇಳುತ್ತಾರೆ. ಅದು ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಪಾಸಾಗಿ 180 ದಿನ ಆದರೂ ಕೆಲಸ ಸಿಗದಿದ್ದರೆ ಹೆಚ್ಚೆಂದರೆ ಎರಡು ವರ್ಷ. ಬರೀ ಐಟಿಐಗೆ ಇಲ್ಲ.

## ಸ್ವಂತ ಕೆಲಸ

ಅಡಿಕೆ ಕೊನೆ ತೆಗೆಯೋನಿಗೆ ದಿನಕ್ಕೆ ನಮ್ಮ ಐಟಿಐ ಹುಡುಗನಿಗಿಂತ ಜಾಸ್ತಿ ಸಿಗುತ್ತೆ. ಮತ್ತೆ ಓದಿಸಿ ಏನು ಲಾಭ?

ಮಾತು ಸುಳ್ಳಲ್ಲ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಕೊನೆಗಾರ ಕೇಳಿದ್ದೇ ಕೂಲಿ, ಮುಂಗಡ ಕೊಟ್ಟು ಕಾಯಬೇಕು. ಅದೂ ಕೌಶಲವೇ, ಮರದಿಂದ ಮರಕ್ಕೆ ದಾಟಿಕೊಂಡು ಹೋಗುವವನ ಮುಂದೆ ನಮ್ಮದೇನು. ಆದರೆ ಕೊಯ್ಲು ಇರುವುದು ವರ್ಷದಲ್ಲಿ ಕೆಲವೇ ತಿಂಗಳು. 45 ದಾಟಿದ ಮೇಲೆ ಮಂಡಿ ಒಪ್ಪುವುದಿಲ್ಲ, ಬಿದ್ದರೆ ಪಿಎಫ್ ಇಲ್ಲ ಇಎಸ್‌ಐ ಇಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಕೊನೆ ಇಳಿಸುವವರು ಹೆಚ್ಚಾಗಿದ್ದಾರೆ. ನನ್ನ ಕಣ್ಣಿಗೆ ಜಾಣತನ ಕಂಡಿದ್ದು ಎರಡನ್ನೂ ಹಿಡಿದ ಹುಡುಗರಲ್ಲಿ: ಸೀಸನ್ನಿನಲ್ಲಿ ದೋಟಿ ಕೆಲಸ, ಉಳಿದಂತೆ ಯಂತ್ರ ರಿಪೇರಿ. ತೋಟ ತೋಟ ತಿರುಗುವುದರಿಂದ ಗಿರಾಕಿಗಳೂ ಅಲ್ಲೇ ಸಿಗುತ್ತಾರೆ.

ತೀರ್ಥಹಳ್ಳಿ ಹತ್ರ ರಿವೈಂಡಿಂಗ್ ಅಂಗಡಿ ಹಾಕ್ಬೇಕು ಅಂತಿದೀನಿ. ಜೀವನ ನಡೆಯುತ್ತಾ?

ನಡೆಯುತ್ತದೆ, ಆದರೆ ಬರೀ ಮೋಟರ್ ನಂಬಿದರೆ ಆರು ತಿಂಗಳು ಮಾತ್ರ. ಮಲೆನಾಡಲ್ಲಿ ಈ ಕೆಲಸಕ್ಕೆ ಒಂದು ಪಂಚಾಂಗ ಇದೆ. ಮಳೆ ನಿಂತು ತೋಟಕ್ಕೆ ನೀರು ಬಿಡಲು ಶುರು ಮಾಡಿದಾಗ ಮೋಟರ್ ಬರುತ್ತವೆ. ಆರು ತಿಂಗಳು ಸುಮ್ಮನೆ ಕೂತ ಪಂಪು, ಬೇರಿಂಗ್ ಹಿಡಿದಿರುತ್ತದೆ, ಸ್ವಿಚ್ ಹಾಕಿದ ಕೂಡಲೇ ಸುಟ್ಟಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ವೋಲ್ಟೇಜ್ ಬಿದ್ದು ಸುಡುತ್ತವೆ, ಒಂದು ಫೇಸ್ ಹೋಗಿ ಎರಡರಲ್ಲೇ ಓಡಿ ಸುಡುತ್ತವೆ. ಮೇ ತಿಂಗಳ ಗುಡುಗು ಸಿಡಿಲಿಗೆ ಸ್ಟಾರ್ಟರ್, ಇನ್ವರ್ಟರ್, ಸೋಲಾರ್, ಸಿಸಿ ಕ್ಯಾಮೆರಾ. ಜೂನ್ ಬಂತು ಅಂದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪು, ಆಮೇಲೆ ಕಳೆ ಕೊಚ್ಚುವ ಯಂತ್ರ. ಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯುವ ಯಂತ್ರ. ಇವೆಲ್ಲವನ್ನೂ ಮುಟ್ಟುವವನಿಗೆ ವರ್ಷವಿಡೀ ಕೆಲಸ. "ಅದು ನನ್ನ ಟ್ರೇಡ್ ಅಲ್ಲ" ಅಂದವನು ಮಳೆಗಾಲದಲ್ಲಿ ಅಂಗಡಿ ಬಾಗಿಲು ಹಾಕಿಕೊಂಡು ಕೂರಬೇಕು.

ಕೆಲಸ ಹೇಗಿರುತ್ತದೆ ಅಂತ ಒಂದು ಮೋಟರ್ ಹಿಡಿದು ಹೇಳುತ್ತೇನೆ. ಬಿಚ್ಚಿದ ಕೂಡಲೇ ಸುಟ್ಟ ವಾಸನೆ, ಒಂದು ಫೇಸಿನ ಕಾಯಿಲ್‌ಗಳು ಮಾತ್ರ ತಾಮ್ರದ ಬಣ್ಣ ಉಳಿಸಿಕೊಂಡು ಉಳಿದ ಎರಡು ಕಪ್ಪಾಗಿದ್ದರೆ ಒಂದು ಫೇಸ್ ಹೋಗಿಯೇ ಸುಟ್ಟಿದೆ ಅಂತ ಅರ್ಥ. ಹಳೆ ವೈಂಡಿಂಗ್ ಕಿತ್ತು ಹಾಕುವ ಮೊದಲು ಕನೆಕ್ಷನ್ ಚಿತ್ರ ಬರೆದುಕೊಳ್ಳಬೇಕು, ಒಂದು ಕಾಯಿಲ್ ಹಾಳಾಗದಂತೆ ತೆಗೆದು ಸುತ್ತು ಎಣಿಸಬೇಕು, ತಂತಿಯ ಗೇಜ್ ನೋಡಬೇಕು, ಹಳೆ ತಾಮ್ರ ತೂಗಿ ಬರೆದಿಡಬೇಕು. ಹೊಸ ಕಾಯಿಲ್ ಕೂರಿಸಿ ಸ್ಲೀವ್ ಹಾಕಿ ಕಟ್ಟಿದ ಮೇಲೆ ವಾರ್ನಿಷ್. ನಮ್ಮ ಆಷಾಢದ ಥಂಡಿಯಲ್ಲಿ ಅದು ತಾನಾಗಿ ಒಣಗುವುದಿಲ್ಲ. ತಗಡಿನ ಪೆಟ್ಟಿಗೆಯೊಳಗೆ ದೊಡ್ಡ ಬಲ್ಬ್ ಉರಿಸಿ ರಾತ್ರಿಯಿಡೀ ಇಡಬೇಕು. ಅರ್ಜೆಂಟ್ ಅಂತ ಹಸಿ ಇರುವಾಗಲೇ ಕೊಟ್ಟರೆ ವಾರದೊಳಗೆ ಅದೇ ಮೋಟರ್ ವಾಪಸ್ ಬರುತ್ತದೆ, ಆಗ ತಾಮ್ರದ ದುಡ್ಡು ನಿಮ್ಮದು. ಸಬ್‌ಮರ್ಸಿಬಲ್‌ಗೆ ಈ ವಾರ್ನಿಷ್ ಕತೆ ಇಲ್ಲ, ಅದರ ತಂತಿಗೇ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಆದರೆ ಅದನ್ನು ಎಳೆದು ಎಳೆದು ತುಂಬುವಾಗ ಒಂದು ಕಡೆ ಗೀರಿದರೂ ಮುಗಿಯಿತು.

ದುಡ್ಡು ಎಲ್ಲಿದೆ ಅಂದರೆ ಮಜೂರಿಯಲ್ಲಿ. ತಾಮ್ರದ ರೇಟು ವಾರವಾರ ಏರಿಳಿಯುತ್ತದೆ, ಅದರಲ್ಲಿ ಲಾಭ ಹುಡುಕಬೇಡಿ. ಹಳೆ ತಾಮ್ರ ಯಾರಿಗೆ ಅನ್ನುವುದನ್ನು ಮೋಟರ್ ಇಳಿಸಿಕೊಳ್ಳುವಾಗಲೇ ಮಾತಾಡಿ, ಈ ಕಸುಬಿನ ಅರ್ಧ ಜಗಳ ಅಲ್ಲಿಂದಲೇ. ಸಾಲದ ವಿಷಯವೂ ಹೇಳಬೇಕು. "ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ ಮಾರಾಯ" ಅನ್ನುವುದು ನಮ್ಮ ಕಡೆ ಮಾಮೂಲು, ಹೆಚ್ಚಿನವರು ಕೊಡುತ್ತಾರೆ ಕೂಡ. ಆದರೆ ತಾಮ್ರದ ಅಂಗಡಿಯವನು ನಿಮಗೆ ಅಡಿಕೆ ಕೊಯ್ಲಿನ ತನಕ ಕಾಯುವುದಿಲ್ಲ. ಸಾಮಾನಿನ ದುಡ್ಡು ಮೊದಲೇ ತಗೊಂಡು ಮಜೂರಿಯನ್ನು ಮಾತ್ರ ಬಾಕಿ ಬಿಡಿ.

ಅಂಗಡಿ ಹಾಕುವ ಮೊದಲು ಒಂದೆರಡು ವರ್ಷ ಬೇರೆಯವರ ಅಂಗಡಿಯಲ್ಲಿ ಕೂರಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ತರಬೇತಿ ಸಂಸ್ಥೆಗಳು ಈಗ ಜಿಲ್ಲೆ ಜಿಲ್ಲೆಗಳಲ್ಲಿವೆ. ಊಟ ವಸತಿ ಸಮೇತ ಉಚಿತವಾಗಿ ಕಲಿಸುತ್ತಾರೆ, ಬ್ಯಾಂಕಿನ ಮುಂದೆ ಹೇಗೆ ಮಾತಾಡಬೇಕು ಅನ್ನುವುದನ್ನೂ ಸೇರಿಸಿ.

ಮನೆ ವೈರಿಂಗ್ ಮಾಡ್ತೀನಿ. ಆದ್ರೆ ಸಹಿಗೆ ಇನ್ನೊಬ್ರಿಗೆ ದುಡ್ಡು ಕೊಡಬೇಕು. ನಾನೇ ಲೈಸನ್ಸ್ ಮಾಡ್ಸೋದು ಹೇಗೆ?

ಹೊಸ ಮನೆಗೆ ಮೀಟರ್ ಬೇಕು ಅಂದರೆ ವೈರಿಂಗ್ ಸರಿಯಿದೆ ಅಂತ ಲೈಸನ್ಸ್ ಇರುವ ವಿದ್ಯುತ್ ಗುತ್ತಿಗೆದಾರ ಬರೆದುಕೊಡಬೇಕು. ಕೆಲಸ ನಿಮ್ಮದು, ಸಹಿ ಇನ್ನೊಬ್ಬರದು, ಪ್ರತಿ ಮನೆಗೂ ಸಹಿಯ ದುಡ್ಡು ಹೋಗುತ್ತದೆ. ವಿದ್ಯುತ್ ಪರಿವೀಕ್ಷಣಾಲಯದಿಂದ ಮೊದಲು ವೈರ್‌ಮನ್ ಪರ್ಮಿಟ್, ಆಮೇಲೆ ಸೂಪರ್‌ವೈಸರ್ ಪರ್ಮಿಟ್, ಆಮೇಲೆ ಗುತ್ತಿಗೆದಾರ ಲೈಸನ್ಸ್. ಅನುಭವದ ದಾಖಲೆ ಕೇಳುತ್ತಾರೆ, ಹಾಗಾಗಿ ಲೈಸನ್ಸ್ ಇರುವವರ ಕೈಕೆಳಗೆ ಕೆಲಸ ಮಾಡುವಾಗಲೇ ಬರಹದಲ್ಲಿ ಪತ್ರ ತಗೊಳ್ಳಿ. ಊರಲ್ಲಿ ಇರುವ ಎಲೆಕ್ಟ್ರಿಷಿಯನ್‌ಗೆ ಇದಕ್ಕಿಂತ ಲಾಭದ ಕಾಗದ ಇನ್ನೊಂದಿಲ್ಲ.

ರೇಟಿನ ಬಗ್ಗೆ ಒಂದು ಮಾತು. ಚದರದ ಲೆಕ್ಕದಲ್ಲಿ ಒಪ್ಪಿಕೊಂಡರೆ ಮನೆಯವರು ದಿನಾ ಹೊಸ ಪಾಯಿಂಟ್ ಸೇರಿಸುತ್ತಾರೆ. ಪಾಯಿಂಟ್ ಲೆಕ್ಕಕ್ಕೆ ಹೋಗಿ, ಇಲ್ಲವೇ ಚದರಕ್ಕೆ ಇಷ್ಟು, ಇಷ್ಟು ಪಾಯಿಂಟ್ ಮೀರಿದರೆ ಬೇರೆ ಅಂತ ಚೀಟಿಯಲ್ಲಿ ಬರೆದುಕೊಡಿ.

ಸಬ್ಸಿಡಿ ಸಾಲ ಯಾವ್ದು ಸಿಗುತ್ತೆ? ವಿಶ್ವಕರ್ಮ ಹಾಕ್ಬಹುದಾ?

2023ರ ಸೆಪ್ಟೆಂಬರಲ್ಲಿ ಬಂದ ಪಿಎಂ ವಿಶ್ವಕರ್ಮ 18 ಕಸುಬುಗಳಿಗೆ ಮಾತ್ರ. ಬಡಗಿ, ಕಮ್ಮಾರ, ಗಾರೆ, ದರ್ಜಿ ಇದ್ದಾರೆ, ಎಲೆಕ್ಟ್ರಿಷಿಯನ್ ಇಲ್ಲ. ಇದ್ದವರಿಗೆ 15,000ದ ಸಲಕರಣೆ ನೆರವು, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷ. ಉಳಿದವರು ಪಿಎಂಇಜಿಪಿ, ಅಂದರೆ ಸ್ವಂತ ಉದ್ಯಮಕ್ಕೆ ಕೇಂದ್ರದ ಸಬ್ಸಿಡಿ ಸಾಲದ ಯೋಜನೆ ನೋಡಿ. ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ, ಹಳ್ಳಿಯಲ್ಲಾದರೆ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆ, ಪರಿಶಿಷ್ಟ, ಹಿಂದುಳಿದ ಮೊದಲಾದವರಿಗೆ ಶೇ 35 ಸಹಾಯಧನ. ಇದು ಹೊಸ ಘಟಕಕ್ಕೆ ಮಾತ್ರ. ಸಣ್ಣದಾಗಿ ಶುರು ಮಾಡುವುದಾದರೆ 50,000ದವರೆಗಿನ ಮುದ್ರಾ ಶಿಶು ಸಾಲವೇ ಸಾಕು, ಅಡಮಾನ ಬೇಡ. ಸಬ್ಸಿಡಿ ಆಸೆಗೆ ಬೇಕಿಲ್ಲದ ಮೆಷಿನ್ ತಂದು ತುಕ್ಕು ಹಿಡಿಸಬೇಡಿ.

## ಸ್ವಲ್ಪ ದೂರ ಹೋದವರಿಗೆ

ಗಲ್ಫಿಗೆ ಹೋಗೋಕೆ ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದಾನೆ. ಕೊಡ್ಲಾ?

ಕೊಡಬೇಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಅವನ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ ಮೈಗ್ರೇಟ್ ತಾಣದಲ್ಲಿ ನೋಡಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸೋಣ ಅಂದವನ ಹತ್ತಿರ ಮಾತೇ ಬೇಡ. ವೆಲ್ಡರ್, ಎಸಿ ಮೆಕ್ಯಾನಿಕ್, ಇಂಡಸ್ಟ್ರಿಯಲ್ ಎಲೆಕ್ಟ್ರಿಷಿಯನ್‌ಗಳಿಗೆ ಅಲ್ಲಿ ಬೇಡಿಕೆ ಇದೆ, ಆದರೆ ಇಲ್ಲಿಯ ಎರಡು ಮೂರು ವರ್ಷದ ಅನುಭವ ಇಲ್ಲದೆ ಹೋದರೆ ಹೆಲ್ಪರ್ ಸಂಬಳವೇ.

ಐಟಿಐಯಿಂದ ಇಂಜಿನಿಯರಿಂಗ್ ತನಕ ಹೋಗ್ಬಹುದಾ?

ಹೋಗಬಹುದು. ಐಟಿಐಯಿಂದ ಡಿಪ್ಲೊಮಾ ಎರಡನೇ ವರ್ಷ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷ. ಆದರೆ ಸುಮ್ನೆ ಹೆಸರಿನ ಮುಂದೆ ಬಿಇ ಬರಲಿ ಅಂತ ಹೋಗಬೇಡಿ. ಕಲಿಸುವುದು ಇಷ್ಟ ಇದ್ದರೆ ಇನ್ನೊಂದು ದಾರಿ ಇದೆ: ಸಿಐಟಿಎಸ್ ಅನ್ನುವ ಒಂದು ವರ್ಷದ ಬೋಧಕರ ತರಬೇತಿ. ಬೆಂಗಳೂರಲ್ಲೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಐಟಿಐಗಳಲ್ಲಿ ಪಾಠ ಮಾಡುವ ಕೆಲಸಕ್ಕೆ ಇದು ಬೇಕಾಗುತ್ತದೆ.

ಅಣ್ಣಾ, ಕೆಲಸಕ್ಕೆ ಸೇರಿ ಎಂಟು ವರ್ಷ ಆಯ್ತು, ಸಂಬಳ 22 ದಾಟ್ತಿಲ್ಲ. ಊರಿಗೆ ಬಂದುಬಿಡ್ಲಾ?

ಇಂಥ ಫೋನು ಹೆಚ್ಚಾಗಿ ರಾತ್ರಿ ಶಿಫ್ಟ್ ಮುಗಿಸಿದವರದ್ದು. ಮೊದಲು ನಾನು ಕೇಳುವುದು, ಎಂಟು ವರ್ಷದಲ್ಲಿ ಎಷ್ಟು ಬಗೆಯ ಕೆಲಸ ಮಾಡಿದ್ದೀಯಪ್ಪ ಅಂತ. ಒಂದೇ ಮೆಷಿನ್‌ನಲ್ಲಿ ಒಂದೇ ಪೀಸ್ ಲೋಡ್ ಮಾಡುತ್ತಾ ಎಂಟು ವರ್ಷ ಕಳೆದವನಿಗೆ ಮಾರುಕಟ್ಟೆಯಲ್ಲಿ ಒಂದು ವರ್ಷದ ಅನುಭವದ ಬೆಲೆಯೇ. ಅಂಥವನು ಊರಿಗೆ ಬಂದರೂ ಇಲ್ಲಿ ಆ ಮೆಷಿನ್ ಇರುವುದಿಲ್ಲ. ಆಪರೇಟರ್ ಆಗಿದ್ದರೆ ಸೆಟ್ಟಿಂಗ್, ಪ್ರೋಗ್ರಾಮಿಂಗ್ ಕಲಿಯಿರಿ. ಎಲೆಕ್ಟ್ರಿಷಿಯನ್ ಆಗಿದ್ದರೆ ಪಿಎಲ್‌ಸಿ, ಡ್ರೈವ್ ಕಲಿಯಿರಿ. ಭಾನುವಾರದ ಕ್ಲಾಸುಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಕಲಿತು ಆರು ತಿಂಗಳಾದರೂ ಇರುವ ಕಂಪನಿ ಏರಿಸದಿದ್ದರೆ ಬೇರೆ ಕಂಪನಿಗೆ ಹೋಗಿ.

ಬರುವುದೇ ಅಂತ ತೀರ್ಮಾನ ಆಗಿದ್ದರೆ ಪಿಎಫ್ ಪೂರ್ತಿ ಕಿತ್ತುಕೊಂಡು ಬರಬೇಡಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು, ನಿಮ್ಮದು ಎಂಟಾಗಿದೆ. ಇನ್ನೆರಡು ವರ್ಷವನ್ನು ಶಿವಮೊಗ್ಗದಲ್ಲೇ ಪಿಎಫ್ ಇರುವ ಯಾವುದಾದರೂ ಕೆಲಸದಲ್ಲಿ, ಅದೇ ಯುಎಎನ್ ನಂಬರಲ್ಲಿ ಮುಗಿಸಬಹುದು. ಆ ಎರಡು ವರ್ಷದಲ್ಲಿ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಿ, ಸಂಜೆ ಹೊತ್ತು ಊರಲ್ಲಿ ಸಣ್ಣಪುಟ್ಟ ಕೆಲಸ ಹಿಡಿಯಿರಿ. ಗಿರಾಕಿಗಳು ಹಗಲು ಹೊತ್ತಲ್ಲೂ ಫೋನ್ ಮಾಡೋಕೆ ಶುರು ಮಾಡಿದ ಮೇಲೆ ರಾಜೀನಾಮೆ ಬರೆಯಿರಿ, ಅದಕ್ಕಿಂತ ಮುಂಚೆ ಬೇಡ.